ಅದು ಮುದ್ರಣದೋಷವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಲಾರೆನ್ಸ್ ಸ್ಟರ್ನ್ ಎಂಬ ಹದಿನೆಂಟನೇ ಶತಮಾನದ ಇಂಗ್ಲಿಷ್ ವಿಡಂಬನಕಾರನ ಬಗ್ಗೆ ಅರ್ಧ ಪುಟದ ಲೇಖನ ಬಂದದ್ದು ಸಂತೋಷ. ಕನ್ನಡ ಪತ್ರಿಕೆಗಳಲ್ಲಿ ಈ ಹೆಸರು ಕಾಣುವುದೇ ಅಪರೂಪ. ಆದರೆ ಲೇಖನದ ಕೊನೆಯಲ್ಲಿ ಒಂದು ದೂರು ಇದೆ. ಸ್ಟರ್ನ್‌ನ ಒಂಬತ್ತು ಸಂಪುಟದ ಕಾದಂಬರಿ ‘ಟ್ರಿಸ್ಟ್ರಂ ಶ್ಯಾಂಡಿ’ಯ, ಲೇಖಕರು ಓದಿದ ಪ್ರತಿಯಲ್ಲಿ ಒಂದು ಹಾಳೆ ಪೂರ್ತಿ ಕಪ್ಪಾಗಿತ್ತಂತೆ, ಒಂದು ಪುಟ ಖಾಲಿ ಬಿದ್ದಿತ್ತಂತೆ, ಒಂದು ಅಧ್ಯಾಯವೇ ಇರಲಿಲ್ಲವಂತೆ. ಅಗ್ಗದ ಮುದ್ರಣದ ಹಣೆಬರಹ ಎಂದು ಬೇಸರಪಟ್ಟಿದ್ದಾರೆ. ಬೇರೆ ಪ್ರತಿ ಕಳಿಸಿ ಎಂದು ಪ್ರಕಾಶಕರಿಗೆ ಬರೆಯುವ ಯೋಚನೆ ಇದ್ದರೆ ಅವರು ದಯವಿಟ್ಟು ತಡೆಯಲಿ. ಅವರ ಪ್ರತಿ ಸರಿಯಾಗಿಯೇ ಇದೆ. ಸರಿ ಇಲ್ಲದಿರುವುದು ಹೆಚ್ಚೆಂದರೆ ಒಂದೇ ಹಾಳೆ. ಅದು ಅವರ ಕಣ್ಣಿಗೆ ಬಿದ್ದೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಕಪ್ಪು ಹಾಳೆ ಇರುವುದು ಮೊದಲ ಸಂಪುಟದ 12ನೇ ಅಧ್ಯಾಯದ ಕೊನೆಗೆ. ಅಲ್ಲಿ ಯೋರಿಕ್ ಎಂಬ ಪಾದ್ರಿ ಸಾಯುತ್ತಾನೆ. ಅವನ ಸಮಾಧಿಯ ಮೇಲಿನ ಬರಹ ಮುಗಿದ ಕೂಡಲೇ, ಮೊದಲ ಮುದ್ರಣದ 73 ಮತ್ತು 74ನೇ ಪುಟ, ಅಂದರೆ ಒಂದೇ ಹಾಳೆಯ ಎರಡೂ ಮಗ್ಗುಲು, ಮಸಿ ಬಳಿದ ಹಾಗೆ ಕಪ್ಪು. ಆ ಕಾಲದ ಇಂಗ್ಲೆಂಡಿನಲ್ಲಿ ಸತ್ತವರ ಕುರಿತ ಪ್ರವಚನ, ಶೋಕಗೀತೆಗಳನ್ನು ಅಚ್ಚು ಹಾಕಿಸುವಾಗ ಸುತ್ತ ದಪ್ಪ ಕಪ್ಪು ಅಂಚು ಕೊಡುವ ರೂಢಿ ಇತ್ತು. ಇಂದಿಗೂ ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿಗೆ ಹಾಕುವ ಚೌಕಟ್ಟಿನ ಹಾಗೆ. ಸ್ಟರ್ನ್ ಆ ಅಂಚನ್ನು ಒಳಕ್ಕೆ ಎಳೆಯುತ್ತ ಎಳೆಯುತ್ತ ಪುಟವನ್ನೇ ನುಂಗಿಸಿದ. ಅದು ದುಃಖವೂ ಹೌದು, ದುಃಖದ ಪ್ರದರ್ಶನಕ್ಕೆ ಮಾಡಿದ ಗೇಲಿಯೂ ಹೌದು.

ಅಧ್ಯಾಯ ಕಾಣೆಯಾಗಿರುವುದು ನಾಲ್ಕನೇ ಸಂಪುಟದಲ್ಲಿ. 23 ಆದ ಮೇಲೆ 25. ಮೊದಲ ಮುದ್ರಣದಲ್ಲಿ ಪುಟಸಂಖ್ಯೆ 146ರಿಂದ ನೇರ 156ಕ್ಕೆ ಹಾರುತ್ತದೆ. 25ನೇ ಅಧ್ಯಾಯ ಬಿಚ್ಚಿದರೆ ಕತೆ ಹೇಳುವ ಟ್ರಿಸ್ಟ್ರಂ ತಾನೇ ಒಪ್ಪಿಕೊಳ್ಳುತ್ತಾನೆ: ಆ ಅಧ್ಯಾಯವನ್ನು ಕಿತ್ತವನು ನಾನೇ, ಅದು ಉಳಿದೆಲ್ಲಕ್ಕಿಂತ ಎಷ್ಟೋ ಮೇಲಾಗಿತ್ತು, ಇಟ್ಟಿದ್ದರೆ ಅದರ ಪಕ್ಕದಲ್ಲಿ ಮಿಕ್ಕದ್ದೆಲ್ಲ ಸಪ್ಪೆಯಾಗುತ್ತಿತ್ತು ಎಂದು. ಇದರಲ್ಲಿ ಬೈಂಡರನ ಮೂರ್ಖತನವೂ ಇಲ್ಲ, ಠಕ್ಕೂ ಇಲ್ಲ ಎಂದೂ ಅಲ್ಲೇ ಬರೆದಿದ್ದಾನೆ. ನಿಮ್ಮ ಲೇಖಕರ ದೂರಿಗೆ 1761ರಲ್ಲೇ ಉತ್ತರ ಅಚ್ಚಾಗಿದೆ. 25ನೇ ಅಧ್ಯಾಯ ಓದುವ ಮೊದಲೇ ಅವರು ಪುಸ್ತಕ ಮಡಚಿರಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪುಸ್ತಕದಲ್ಲಿ ಬಲಪುಟಕ್ಕೆ ಬೆಸಸಂಖ್ಯೆ, ಎಡಪುಟಕ್ಕೆ ಸಮಸಂಖ್ಯೆ ಎನ್ನುವುದು ಅಚ್ಚುಮನೆಯ ಮೊದಲ ಪಾಠ. 146 ಎಡಪುಟ, ಅದರ ಎದುರು ಬಲಕ್ಕೆ 156 ಬಂದಾಗ ಅಲ್ಲಿಂದ ಸಂಪುಟ ಮುಗಿಯುವವರೆಗೆ ಬಲಪುಟಗಳೆಲ್ಲ ಸಮಸಂಖ್ಯೆಯವಾಗಿ ಬಿಡುತ್ತವೆ. ಓದುಗನಿಗೆ ಕಾರಣ ತಿಳಿಯದಿದ್ದರೂ ಏನೋ ತಿರುಗುಮುರುಗಾಗಿದೆ ಎನ್ನಿಸುತ್ತದೆ. ಈಗಿನ ಮರುಮುದ್ರಣಗಳಲ್ಲಿ ಇದು ಉಳಿಯುವುದು ಕಡಿಮೆ, ಏಕೆಂದರೆ ಪುಟ ಕಟ್ಟುವ ತಂತ್ರಾಂಶಕ್ಕೆ ಜೋಡಿಪುಟದಲ್ಲಿ ಬಲಕ್ಕೆ 156 ಹಾಕು ಎಂದರೆ ಸಾಮಾನ್ಯವಾಗಿ ಅದು ಆ ಪುಟವನ್ನೇ ಎಡಕ್ಕೆ ನೂಕಿ ನಡುವೆ ತಾನಾಗಿ ಜಾಗ ಬಿಡುತ್ತದೆ. ತಾನಾಗಿ ಸಂಖ್ಯೆ ಬೀಳುವುದನ್ನು ನಿಲ್ಲಿಸಿ, ಆ ಪುಟದಿಂದ ಮುಂದೆ ಒಂದೊಂದಕ್ಕೂ ಕೈಯಾರೆ ಸಂಖ್ಯೆ ಹಾಕಬೇಕು. ಬೇಸರದ ಕೆಲಸ, ಆದರೆ ಆಗುವ ಕೆಲಸ.

ಖಾಲಿ ಪುಟ ಆರನೇ ಸಂಪುಟದ 38ನೇ ಅಧ್ಯಾಯದ್ದು. ಟ್ರಿಸ್ಟ್ರಂನ ಚಿಕ್ಕಪ್ಪ ಟೋಬಿಯ ಮೇಲೆ ಕಣ್ಣಿಟ್ಟಿರುವ ವಿಧವೆ ವ್ಯಾಡ್‌ಮನ್ ಎಷ್ಟು ಚೆಲುವೆ ಎಂದು ಬಣ್ಣಿಸುವ ಬದಲು, ಶಾಯಿ ತರಿಸಿ ನಿಮಗೆ ಬೇಕಾದ ಹಾಗೆ ನೀವೇ ಬರೆದುಕೊಳ್ಳಿ ಎಂದು ಓದುಗನ ಕೈಗೆ ಬಿಟ್ಟ ಜಾಗ ಅದು. ಒಂಬತ್ತನೇ ಸಂಪುಟದ 18 ಮತ್ತು 19ನೇ ಅಧ್ಯಾಯಗಳಲ್ಲೂ ತಲೆಬರಹ ಬಿಟ್ಟರೆ ಏನೂ ಇಲ್ಲ. ಅವುಗಳ ಪಠ್ಯ 25ನೇ ಅಧ್ಯಾಯದ ನಂತರ ಬರುತ್ತದೆ. ಮುನ್ನುಡಿ ಇರುವುದು ಮೂರನೇ ಸಂಪುಟದ ನಡುವೆ. ಹೀಗೆ ಹೇಳುತ್ತ ಹೋದರೆ ಮುಗಿಯದು.

ಈಗ ಆ ನೋಡದೇ ಬಿಟ್ಟ ಹಾಳೆ. ಮೂರನೇ ಸಂಪುಟದ 169–170ನೇ ಪುಟ ಮಾರ್ಬಲ್ ಹಾಳೆ. ಹಳೆಯ ಜಮಾಖರ್ಚಿನ ಪುಸ್ತಕಗಳ ರಟ್ಟಿನ ಒಳಬದಿಗೆ ಅಂಟಿಸುತ್ತಿದ್ದ, ಕೆಂಪು ಹಸಿರು ಹಳದಿ ಕಲಸಿದ ನೀರಿನ ಸುಳಿಯಂಥ ಚಿತ್ತಾರದ ಕಾಗದ ನೋಡಿದವರಿಗೆ ಇದು ಗೊತ್ತು. ರಟ್ಟಿನ ಒಳಗಿರಬೇಕಾದ ಆ ಕಾಗದವನ್ನು ಸ್ಟರ್ನ್ ಕತೆಯ ನಡುವೆ ತಂದಿಟ್ಟು, ಇದು ನನ್ನ ಕೃತಿಯ ಚಿತ್ರವಿಚಿತ್ರ ಲಾಂಛನ ಎಂದ. ಲೇಖಕರ ಪ್ರತಿಯಲ್ಲಿ ಆ ಜಾಗದಲ್ಲಿ ಬೂದುಬಣ್ಣದ ಮಸುಕು ಚಿತ್ರವೊಂದು ಇದ್ದಿರಬೇಕು. ದೋಷವೆಂದರೆ ಅದೇ. ಮೊದಲ ಮುದ್ರಣದಲ್ಲಿ ಅದು ಅಚ್ಚಿನ ಕೆಲಸವೇ ಆಗಿರಲಿಲ್ಲ. ಒಂದೊಂದು ಪ್ರತಿಯ ಹಾಳೆಯನ್ನೂ ಬೇರೆಬೇರೆಯಾಗಿ, ನೀರಿನ ಮೇಲೆ ಬಣ್ಣ ತೇಲಿಬಿಟ್ಟ ತೊಟ್ಟಿಗೆ ಇಳಿಸಿದ್ದರು. ಹಾಳೆಯ ನಾಲ್ಕೂ ಅಂಚನ್ನು ಹಿಂದಕ್ಕೆ ಮಡಚಿ, ಪಠ್ಯದ ಅಳತೆಯಷ್ಟೇ ಜಾಗಕ್ಕೆ ಬಣ್ಣ ಹಿಡಿಸಿ, ಒಣಗಿದ ಮೇಲೆ ಮಡಿಕೆಯನ್ನು ಇನ್ನೊಂದು ಕಡೆಗೆ ತಿರುಗಿಸಿ ಆ ಮಗ್ಗುಲಿಗೂ ಹಾಗೆಯೇ ಮಾಡಿ, ಪುಟಸಂಖ್ಯೆ ಒತ್ತಿ, ಸಂಪುಟದೊಳಗೆ ಅಂಟಿಸಿದ್ದು. ಆದ್ದರಿಂದ ಒಂದು ಪ್ರತಿಯ 169ನೇ ಪುಟ ಇನ್ನೊಂದು ಪ್ರತಿಯದ್ದರಂತೆ ಇಲ್ಲ. ಒಂದೇ ಅಚ್ಚಿನಿಂದ ಸಾವಿರ ಪ್ರತಿ ಹೊರಡುವ ಕಾಲದಲ್ಲಿ ಪ್ರತಿಯೊಬ್ಬ ಓದುಗನಿಗೂ ಅವನದೇ ಒಂದು ಪುಟ. ಅದರ ಫೋಟೊ ತೆಗೆದು ಎಲ್ಲ ಪ್ರತಿಗೂ ಒಂದನ್ನೇ ಒತ್ತಿದರೆ ಅಲ್ಲಿ ಬಣ್ಣ ಉಳಿದೀತು, ಮಾತು ಉಳಿಯದು.

ಈ ಕಾದಂಬರಿಯನ್ನು ಕನ್ನಡಕ್ಕೆ ತರಬೇಕು ಎಂದು ಲೇಖನ ಹೇಳಿದೆ. ಒಪ್ಪುತ್ತೇನೆ. ತರುವವರು ಈ ಹಾಳೆಗಳನ್ನು ಅಲಂಕಾರವೆಂದು ಬಿಡದಿರಲಿ ಎಂಬುದಕ್ಕೇ ಈ ಪತ್ರ. 1843ರಲ್ಲಿ ಕಲ್ಲಚ್ಚಿನಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಟ ನಮ್ಮ ಮಂಗಳೂರಿನಲ್ಲಿ ಇದು ಆಗದ ಕೆಲಸವೇನಲ್ಲ. 500 ಪ್ರತಿಯ ಲೆಕ್ಕ ಹಿಡಿಯೋಣ. ಎರಡು ಮಗ್ಗುಲು ಎಂದರೆ 1,000 ಸಲ ತೊಟ್ಟಿಗಿಳಿಸಬೇಕು. ಒಂದಕ್ಕೆ 3 ನಿಮಿಷವಾದರೆ 50 ಗಂಟೆ. ಇಬ್ಬರು ಕೂತರೆ ನಾಲ್ಕೈದು ದಿನದ ಕೆಲಸ, ಒಣಗುವ ಹೊತ್ತು ಬೇರೆ. ಮಳೆಗಾಲದಲ್ಲಿ ಮಾತ್ರ ಹಿಡಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಾಳೆ ಒಣಗುವುದಕ್ಕಿಂತ ಮೊದಲು ಬೂಸ್ಟು ಬರುತ್ತದೆ.

ಹಿಂದೆ ತೊಟ್ಟಿಯ ನೀರನ್ನು ಗಟ್ಟಿ ಮಾಡುತ್ತಿದ್ದದ್ದು ಟ್ರಾಗಕಾಂತ್ ಎಂಬ ಗೋಂದಿನಿಂದ. ಈಗ ಹೆಚ್ಚಿನವರು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಪುಡಿ ಬಳಸುತ್ತಾರೆ. ಲೀಟರ್ ನೀರಿಗೆ ಸುಮಾರು 7 ಗ್ರಾಂ ಹಾಕಿ ಮಿಕ್ಸಿಯಲ್ಲಿ ಕಲಸಿ, ನೊರೆ ಇಳಿಯುವಂತೆ ಒಂದು ರಾತ್ರಿ ಬಿಡಬೇಕು. ಬಿಡದೆ ಬಳಸಿದರೆ ಗುಳ್ಳೆ ಇದ್ದಲ್ಲೆಲ್ಲ ಹಾಳೆಯಲ್ಲಿ ಬಿಳಿ ಕಲೆ ಬೀಳುತ್ತದೆ. ಹಳಬರು ಬಣ್ಣಕ್ಕೆ ಎತ್ತಿನ ಪಿತ್ತರಸ ಬೆರೆಸುತ್ತಿದ್ದರು. ಕಡಿಮೆಯಾದರೆ ಬಣ್ಣ ತಳಕ್ಕಿಳಿಯುತ್ತದೆ, ಹೆಚ್ಚಾದರೆ ಹರಡಿ ತೆಳುವಾಗುತ್ತದೆ. ತೆಳು ಮಾಡಿದ ಅಕ್ರಿಲಿಕ್ ಬಣ್ಣಕ್ಕೆ ಸಾಮಾನ್ಯವಾಗಿ ಅದರ ಗೊಡವೆ ಇಲ್ಲ. ಹಾಳೆಗೆ ಮೊದಲು ಪಟಿಕದ ನೀರು ಸವರಿ ಒಣಗಿಸಿರಬೇಕು, ಇಲ್ಲದಿದ್ದರೆ ತೊಳೆಯುವಾಗ ಬಣ್ಣ ಜಾರಿಹೋಗುತ್ತದೆ. ಪಟಿಕ ಸವರಿಯೂ ಜಾರಿದರೆ ತಪ್ಪು ಕಾಗದದ್ದು. ಈಗಿನ ಬಹಳಷ್ಟು ಕಾಗದಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಪಟಿಕದ ಹುಳಿಯನ್ನು ಕೊಂದುಬಿಡುತ್ತದೆ. ರೀಮುಗಟ್ಟಲೆ ಕೊಳ್ಳುವ ಮೊದಲು ಎರಡು ಹಾಳೆ ತಂದು ಪರೀಕ್ಷಿಸಿ.

ಕಪ್ಪು ಹಾಳೆಯೂ ನೋಡಿದಷ್ಟು ಸುಲಭವಲ್ಲ. ಆಫ್‌ಸೆಟ್‌ನಲ್ಲಿ ಬರೀ ಕಪ್ಪು ಶಾಯಿಯಿಂದ ಪುಟ ತುಂಬಿಸಿದರೆ ಒಣಗಿದ ಮೇಲೆ ಸ್ಲೇಟಿನ ಬಣ್ಣ ಬರುತ್ತದೆ, ಅಲ್ಲಲ್ಲಿ ಬಿಳಿ ಚುಕ್ಕೆ ಇಣುಕುತ್ತದೆ. ಕಪ್ಪಿನ ಅಡಿಗೆ 40 ಪ್ರತಿಶತ ಸಯಾನ್, ಅಂದರೆ ಹಸಿರು ಬೆರೆತ ನೀಲಿ ಶಾಯಿ, ಕೊಟ್ಟರೆ ಕತ್ತಲು ತುಂಬುತ್ತದೆ. ಅಚ್ಚಾದ ಹಾಳೆಗಳನ್ನು ಕೂಡಲೇ ಎತ್ತರಕ್ಕೆ ಪೇರಿಸಿದರೆ ಒಂದರ ಶಾಯಿ ಇನ್ನೊಂದರ ಬೆನ್ನಿಗೆ ಹತ್ತುತ್ತದೆ. ಎದುರಿನ ಪುಟದ ಅಕ್ಷರದ ಮೇಲೆ ಬೂದಿ ಎರಚಿದಂತಾಗುತ್ತದೆ. ಮತ್ತೆ ಖಾಲಿ ಪುಟದ ಗತಿ: ಬೈಂಡಿಂಗಿನಲ್ಲಿ ಯಾರೋ ಒಬ್ಬರು ಅದನ್ನು ಕೆಟ್ಟ ಹಾಳೆ ಎಂದು ಆ ಫಾರ್ಮನ್ನೇ, ಅಂದರೆ ಒಟ್ಟಿಗೆ ಮಡಚಿದ ಪುಟಗಳ ಕಟ್ಟನ್ನೇ, ಬದಿಗಿಡುತ್ತಾರೆ. ‘ಖಾಲಿ ಇರಬೇಕು’ ಎಂದು ಕತ್ತರಿಸಿ ಹೋಗುವ ಅಂಚಿನಲ್ಲಿ ಬರೆದಿಡುವುದು ಕ್ಷೇಮ.

ಲೇಖನದಲ್ಲಿರುವ ಜೀವನವೃತ್ತಾಂತದಲ್ಲೂ ಕೆಲವು ತಿದ್ದುಪಡಿ ಬೇಕು. ಸ್ಟರ್ನ್ ಹುಟ್ಟಿದ್ದು ಯಾರ್ಕ್‌ಶೈರಿನಲ್ಲಲ್ಲ, ಐರ್ಲೆಂಡಿನ ಕ್ಲಾನ್ಮೆಲ್‌ನಲ್ಲಿ, 1713ರ ನವೆಂಬರ್ 24ರಂದು. ತಂದೆ ಇಂಗ್ಲಿಷ್ ಸೇನೆಯಲ್ಲಿ ಕೆಳದರ್ಜೆಯ ಅಧಿಕಾರಿ. ದಂಡು ಹೋದಲ್ಲಿಗೆ ಸಂಸಾರ. ಮುತ್ತಜ್ಜ ಯಾರ್ಕಿನ ಆರ್ಚ್‌ಬಿಷಪ್ ಆಗಿದ್ದವನು. ಕೇಂಬ್ರಿಜ್‌ನಲ್ಲಿ ಓದಿ, 1738ರಲ್ಲಿ ಯಾರ್ಕ್ ಬಳಿಯ ಸಟನ್ ಎಂಬ ಹಳ್ಳಿಯ ಪಾದ್ರಿಯಾಗಿ ಇಪ್ಪತ್ತು ವರ್ಷ ಯಾರಿಗೂ ಗೊತ್ತಿಲ್ಲದೆ ಕಳೆದ. 1759ರಲ್ಲಿ ಯಾರ್ಕಿನ ಚರ್ಚಿನವರ ಹುದ್ದೆಯ ಜಗಳವನ್ನು ಗೇಲಿ ಮಾಡಿ ಒಂದು ಪುಟ್ಟ ಪುಸ್ತಕ ಬರೆದ. ದೊಡ್ಡವರು ಅದನ್ನು ಸುಡಿಸಿದರು, ಬೆರಳೆಣಿಕೆಯ ಪ್ರತಿಗಳು ಮಾತ್ರ ಉಳಿದವು. ಕಾದಂಬರಿಗೆ ಕೈ ಹಾಕಿದ್ದು ಅದೇ ವರ್ಷ, 46ರ ಹತ್ತಿರದಲ್ಲಿ.

ಅದು ಒಂದೇ ಸಂಪುಟವಾಗಿ ಬಂದದ್ದೂ ಅಲ್ಲ. ಒಂಬತ್ತು ಪುಟ್ಟ ಸಂಪುಟ, ಏಳು ವರ್ಷಕ್ಕೂ ಮಿಕ್ಕಿ. ಲಂಡನ್ನಿನ ಪ್ರಕಾಶಕ ಡಾಡ್ಸ್ಲಿ ಮೊದಲು 50 ಪೌಂಡ್ ಕೊಡಲು ಹಿಂಜರಿದದ್ದರಿಂದ ಮೊದಲ ಎರಡು ಸಂಪುಟಗಳನ್ನು ಸ್ಟರ್ನ್ 1759ರ ಡಿಸೆಂಬರಿನಲ್ಲಿ ಯಾರ್ಕಿನಲ್ಲೇ ಅಚ್ಚು ಹಾಕಿಸಿದ, ಆ್ಯನ್ ವಾರ್ಡ್ ಎಂಬ ಹೆಂಗಸಿನ ಮುದ್ರಣಾಲಯದಲ್ಲಿ. ಮಾರ್ಚ್ ತಿಂಗಳಲ್ಲಿ ಲಂಡನ್ನಿಗೆ ಹೋದಾಗ ಊರಿಡೀ ಅವನದೇ ಸುದ್ದಿ. ಅದೇ ಡಾಡ್ಸ್ಲಿ ಸಂಸ್ಥೆ ಮೊದಲ ಎರಡಕ್ಕೆ 250, ಇನ್ನೂ ಬರೆಯದ ಮುಂದಿನ ಎರಡಕ್ಕೆ 380 ಪೌಂಡ್ ಕೊಟ್ಟಿತು. ರೆನಾಲ್ಡ್ಸ್ ಭಾವಚಿತ್ರ ಬರೆದ, ಹೊಗಾರ್ತ್ ಮುಖಚಿತ್ರ ಕೊಟ್ಟ. ನಕಲಿ ಮುಂದುವರಿಕೆಗಳು ಹುಟ್ಟಿಕೊಂಡವು. ಅದಕ್ಕೆ ಸ್ಟರ್ನ್ ಕಂಡುಕೊಂಡ ಉಪಾಯ, 5, 7 ಮತ್ತು 9ನೇ ಸಂಪುಟಗಳ ಮೊದಲ ಮುದ್ರಣದ ಪ್ರತಿಗಳಿಗೆ ತನ್ನ ಕೈಯಾರೆ ಸಹಿ ಹಾಕುವುದು. ಐದನೆಯದೇ 4,000 ಪ್ರತಿ. ಕ್ಷಯದಿಂದ ರಕ್ತ ಕಾರುತ್ತಿದ್ದವನು ಕೂತು ಮಾಡಿದ ಕೆಲಸ ಅದು. ಸತ್ತದ್ದು 1768ರ ಮಾರ್ಚ್ 18, ಲಂಡನ್ನಿನ ಬಾಡಿಗೆ ಕೋಣೆಯಲ್ಲಿ, 54ನೇ ವಯಸ್ಸಿನಲ್ಲಿ.

ಸ್ಟರ್ನ್ ಮಲಬಾರ್ ಕರಾವಳಿಗೆ ಬಂದಿದ್ದ ಎಂಬ ಸಾಲು ಮಾತ್ರ ಪೂರ್ತಿ ತಪ್ಪು. ಅವನು ಫ್ರಾನ್ಸ್, ಇಟಲಿ ದಾಟಿ ಮುಂದೆ ಬಂದವನಲ್ಲ. ಬಂದದ್ದು, ಅಲ್ಲ, ಇಲ್ಲೇ ಹುಟ್ಟಿದ್ದು, ಎಲಿಜಾ ಡ್ರೇಪರ್. 1744ರಲ್ಲಿ ತಿರುವಾಂಕೂರಿನ ಅಂಜೆಂಗೊ ಕೋಟೆಯಲ್ಲಿ ಹುಟ್ಟಿ, 14ರ ವಯಸ್ಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಡೇನಿಯಲ್ ಡ್ರೇಪರ್‌ನನ್ನು ಮದುವೆಯಾದವಳು. 1767ರ ಜನವರಿಯಲ್ಲಿ ಲಂಡನ್ನಿನಲ್ಲಿ ಸ್ಟರ್ನ್‌ಗೆ ಪರಿಚಯ, ಏಪ್ರಿಲ್‌ನಲ್ಲಿ ಗಂಡನಿದ್ದಲ್ಲಿಗೆ ಮರಳಿ ಹಡಗು. ಅವಳಿಗಾಗಿ ಸ್ಟರ್ನ್ ತಿಂಗಳುಗಟ್ಟಲೆ ದಿನಚರಿ ಬರೆದ. ಅವಳು ಮುಂದೆ ಗಂಡನೊಂದಿಗೆ ಕೆಲ ಕಾಲ ತಲಶ್ಶೇರಿಯಲ್ಲಿದ್ದಳು. ಇಲ್ಲಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ. 1773ರ ಜನವರಿಯಲ್ಲಿ ಬೊಂಬಾಯಿಯ ಮಜಗಾಂವ್ ಮನೆಯಿಂದ ಗಂಡನನ್ನು ಬಿಟ್ಟು ಓಡಿಹೋದಳು. ನಮ್ಮ ಕರಾವಳಿಗೂ ಸ್ಟರ್ನ್‌ಗೂ ನಂಟು ಇಷ್ಟೇ, ಆದರೆ ಇದೇನು ಕಡಿಮೆಯಲ್ಲ.

ತಲೆಬುಡವಿಲ್ಲದ ಹರಟೆ ಎಂದು ಈ ಕಾದಂಬರಿಯನ್ನು ಲೇಖನ ಕರೆದಿದೆ. ಟ್ರಿಸ್ಟ್ರಂ ತನ್ನ ಜೀವನ ಹೇಳಲು ಕೂತು ಮೂರನೇ ಸಂಪುಟದವರೆಗೆ ಹುಟ್ಟುವುದೇ ಇಲ್ಲ, ನಿಜ. ನಾಲ್ಕನೇ ಸಂಪುಟದ ನಡುವೆ ಅವನೇ ಲೆಕ್ಕ ಹಾಕುತ್ತಾನೆ: ಬರೆಯಲು ಹಿಡಿದು ಒಂದು ವರ್ಷವಾಯಿತು, ಬರೆದದ್ದು ಬದುಕಿನ ಮೊದಲ ದಿನದ್ದು ಮಾತ್ರ, ಅಂದರೆ ಶುರು ಮಾಡಿದಾಗ ಇದ್ದದ್ದಕ್ಕಿಂತ ಈಗ 364 ದಿನದ ಬದುಕು ಹೆಚ್ಚು ಬಾಕಿ! ಆದರೆ ಒಂದು ಪದ್ಯಕ್ಕೆ ಮುಕ್ಕಾಲು ಗಂಟೆ ಅರ್ಥ ಹೇಳುವ ತಾಳಮದ್ದಳೆಯ ಅರ್ಥಧಾರಿಯನ್ನು ಕೇಳಿ ಬೆಳೆದ ಊರಿನವರಿಗೆ, ಎಲ್ಲೆಲ್ಲಿಗೋ ಹೋದ ಮಾತು ಮುಂದಿನ ಪದ್ಯಕ್ಕೆ ದಾರಿ ಕೊಡುವ ಎತ್ತುಗಡೆಯ ಜಾಗಕ್ಕೇ ಬಂದು ಸೇರುವ ಚಂದ ಗೊತ್ತಿರಬೇಕು. ಹಿಂದಿನ ಅಧ್ಯಾಯವನ್ನು ಗಮನವಿಟ್ಟು ಓದಲಿಲ್ಲವೆಂದು ಟ್ರಿಸ್ಟ್ರಂ ಒಬ್ಬ ಓದುಗಮ್ಮನನ್ನು ಗದರಿಸಿ ಮತ್ತೆ ಓದಿ ಬಾ ಎಂದು ಕಳಿಸುವಾಗ, ನಂದಳಿಕೆಯ ಮುದ್ದಣನನ್ನು ನಡುನಡುವೆ ತಡೆಯುವ ಮನೋರಮೆ ನೆನಪಾಗದೆ ಇರುವುದಿಲ್ಲ. ಇಲ್ಲಿ ಗದರುವ ಸರದಿ ಮಾತ್ರ ಅದಲುಬದಲು.

ಜೋಡಣೆ ಎಷ್ಟು ಬಿಗಿ ಎಂಬುದಕ್ಕೆ ಕಿಟಕಿಯ ಪ್ರಸಂಗ ಸಾಕು. ಟೋಬಿ ಚಿಕ್ಕಪ್ಪನಿಗೆ 1695ರ ನಮ್ಯೂರ್ ಮುತ್ತಿಗೆಯಲ್ಲಿ ತೊಡೆಸಂದಿಗೆ ಗಾಯ. ಎಲ್ಲಿ ಪೆಟ್ಟಾಯಿತು ಎಂದು ಕೇಳಿದವರಿಗೆ ವಿವರಿಸಲು ಹೋಗಿ ನಕ್ಷೆ, ನಕ್ಷೆಯಿಂದ ಹಿತ್ತಿಲ ಹುಲ್ಲುಹಾಸಿನಲ್ಲಿ ಮಣ್ಣಿನ ಕೋಟೆ, ಕೋಟೆಗೆ ಬೇಕು ಪುಟ್ಟ ಫಿರಂಗಿ. ಫಿರಂಗಿಗೆ ಸೀಸ ಸಾಲದೆ ಆಳು ಟ್ರಿಮ್ ಮಕ್ಕಳ ಕೋಣೆಯ ಕಿಟಕಿಯ ಸೀಸದ ಗುಂಡುಗಳನ್ನು ಕದಿಯುತ್ತಾನೆ; ಸೀಸವಿಲ್ಲದ ರಾಟೆ ಯಾಕೆಂದು ಅದನ್ನೂ ಕಿತ್ತು ಫಿರಂಗಿ ಗಾಡಿಗೆ ಚಕ್ರ ಮಾಡುತ್ತಾನೆ. ಒಂದು ದಿನ ಹಾಸಿಗೆಯಡಿ ಪಾತ್ರೆ ಇಲ್ಲವೆಂದು ಕೆಲಸದವಳು ಸುಸಾನಾ ಐದು ವರ್ಷದ ಟ್ರಿಸ್ಟ್ರಂನನ್ನು ಕಿಟಕಿಗೆ ಹತ್ತಿಸುತ್ತಾಳೆ. ಕಿಟಕಿ ಧಡಾರನೆ ಬೀಳುತ್ತದೆ. ದೂರದ ಯುದ್ಧವೊಂದು ಇಪ್ಪತ್ತೆಂಟು ವರ್ಷದ ಮೇಲೆ ಮಗುವೊಂದಕ್ಕೆ ತಾಗಿದ್ದು ಹೀಗೆ. ಅನುವಾದಕರು ಇಲ್ಲಿ ಒಂದು ಸಾಲು ಸೇರಿಸಲೇಬೇಕು. ನಮ್ಮ ಕಿಟಕಿಗೆ ತಿರುಗಣೆಯ ಬಾಗಿಲು, ಅದು ಬೀಳುವುದಿಲ್ಲ. ಅಲ್ಲಿಯದು ಮೇಲಕ್ಕೆ ಸರಿಸುವ ಚೌಕಟ್ಟು, ಹಗ್ಗದ ಇನ್ನೊಂದು ತುದಿಯಲ್ಲಿ ಸೀಸದ ಭಾರ ಇದ್ದರೆ ಮಾತ್ರ ಮೇಲೆ ನಿಲ್ಲುತ್ತದೆ.

ಚಿಕ್ಕಪ್ಪನ ಈ ಗೀಳಿಗೆ ಸ್ಟರ್ನ್ ಇಟ್ಟ ಹೆಸರು ‘ಹಾಬಿ ಹಾರ್ಸ್’. ಹವ್ಯಾಸ ಎಂದರೆ ಕುದುರೆ ಸಾಯುತ್ತದೆ, ಆಟದ ಕುದುರೆ ಎಂದರೆ ಮಕ್ಕಳದಾಗುತ್ತದೆ. ನಮ್ಮ ಮೆರವಣಿಗೆಗಳಲ್ಲಿ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಮರಗಾಲಿನಲ್ಲಿ ಕುಣಿಯುವ ಕೀಲುಕುದುರೆಯೇ ಸರಿ. ಸವಾರನ ಕಾಲೇ ಕುದುರೆಯ ಕಾಲು. ಯಾರು ಯಾರನ್ನು ಹೊತ್ತಿದ್ದಾರೆ ಎಂದು ಹೇಳಲಾಗದು. ಟೋಬಿಯ ಸ್ಥಿತಿಯೂ ಅದೇ.

ಸಾಯುವ ಮೂರು ವಾರ ಮೊದಲು ಬಂದ ‘ಸೆಂಟಿಮೆಂಟಲ್ ಜರ್ನಿ’ಯ ಕೊನೆಯ ವಾಕ್ಯ ಪೂರ್ತಿಯಾಗುವುದಿಲ್ಲ, ಅದೂ ಪುಟ ಹರಿದದ್ದಲ್ಲ. ಕತ್ತಲಲ್ಲಿ ಚಾಚಿದ ಕೈಗೆ ದಾಸಿಯ ಏನೋ ಒಂದು ಸಿಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ, ಅದರ ಕೆಳಗೆ ಎರಡನೇ ಸಂಪುಟ ಮುಗಿಯಿತು ಎಂಬ ಅಚ್ಚು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನೇರ ಅನುವಾದ ಮಾಡಿದರೆ ತಮಾಷೆ ಕೆಡುತ್ತದೆ. ‘ನನ್ನ ಕೈಗೆ ಸಿಕ್ಕಿದ್ದು ದಾಸಿಯ—’ ಎಂದು ತಿರುಗಿಸಿದರೆ ನಿಲ್ಲುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಚುಕ್ಕಿಗಳು. ಸ್ಟರ್ನ್‌ನ ಚುಕ್ಕಿಗಳು ಸುಮ್ಮನೆ ಉದುರಿಸಿದವಲ್ಲ. ಕಿಟಕಿಯ ಬಳಿ ಸುಸಾನಾ ಮಗುವಿಗೆ ಹೇಳುವ ಐದು ಪದಗಳ ಜಾಗದಲ್ಲಿ 4, 3, 2, 3, 6 ಚುಕ್ಕಿ. ಇಂಗ್ಲಿಷ್ ಬಲ್ಲವರು ಅಕ್ಷರ ಕೂಡಿಸಿ ನಗಬಹುದು. ಕನ್ನಡದಲ್ಲಿ ಎಣಿಸಬೇಕಾದ್ದು ಬಾಯಿಗೆ ಬರುವ ಅಕ್ಷರವನ್ನು. ಕಾಗುಣಿತ, ಒತ್ತು ಬೇರೆಯಾಗಿ ಲೆಕ್ಕವಿಲ್ಲ. ‘ಇದೊಂದು ಸಲ, ಮರೀ, ***** *** ** *****?’ ಎಂದು ಹಾಕಿದರೆ ಮೂರನೆಯ ಪದ ಇಲ್ಲಿಯ ಯಾವ ಮಗುವಿಗೂ ತಿಳಿದೀತು. ಅದರಲ್ಲಿ ಒತ್ತಕ್ಷರ ಇದೆ, ಆದರೂ ಎರಡೇ ಚುಕ್ಕಿ. ಕಂಪ್ಯೂಟರಿನ ಲೆಕ್ಕಕ್ಕೆ ಬಿಟ್ಟರೆ ಅದು ಐದು ಎನ್ನುತ್ತದೆ, ಏಕೆಂದರೆ ಅದಕ್ಕೆ ಸ್ವರ, ವ್ಯಂಜನ, ಒತ್ತಿನ ಗುರುತು, ಎತ್ವ ಎಲ್ಲ ಬೇರೆಬೇರೆ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಚುಕ್ಕಿ ಮತ್ತು ಉದ್ದ ಗೆರೆಗಳು ಇನ್ನೇನೋ ಆಗಿಬಿಡುವುದೂ ಉಂಟು. ಆದ್ದರಿಂದ ಸಂಪಾದಕರೇ, ಈ ಪತ್ರವನ್ನು ಪ್ರಕಟಿಸುವುದಾದರೆ ಉಳಿದದ್ದನ್ನು ಎಷ್ಟು ಬೇಕಾದರೂ ಕತ್ತರಿಸಿ. ಆ ಚುಕ್ಕಿಗಳನ್ನು ಮಾತ್ರ ಕರಡಿನಲ್ಲಿ ಒಮ್ಮೆ ಎಣಿಸಿ ನೋಡಿ: 5, 3, 2, 5.

– ಕರಡು ತಿದ್ದುವ ಓದುಗ,
ಕೊಡಿಯಾಲ್‌ಬೈಲ್, ಮಂಗಳೂರು